ಪಾದ್ರಿ ಹೇಳಿಕೊಟ್ಟ ಪಾಠ

ಬ್ರಹ್ಮಚಾರಿಯ ಬಾಡಿಗೆ ಕೋಣೆಗೆ ಕರೆಯದೆ ವೈದಿಕರೊಬ್ಬರು ಬಂದರೆ ಅದಕ್ಕೆ ಎರಡೇ ಕಾರಣ: ಯಾರದೋ ತಿಥಿ ಮರೆತುಹೋಗಿರಬೇಕು, ಇಲ್ಲವೇ ಯಾರದೋ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇರಬೇಕು. ನಮ್ಮ ಮನೆಯ ತಿಥಿಗಳೆಲ್ಲ ಬಿಳಿಗೆರೆಯಲ್ಲಿರುವ ಅಣ್ಣನ ಪಾಲಿಗೆ ಬಿದ್ದಿದ್ದವು. ಹಾಗಾಗಿ ಎಂಬತ್ತೊಂದನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ ನಂಜನಗೂಡಿನ ನನ್ನ ಕೋಣೆಯ ಬಾಗಿಲಲ್ಲಿ ಕೊಡೆ ಮಡಿಸುತ್ತ ನಿಂತ ಬದರೀನಾರಾಯಣ ಘನಪಾಠಿಗಳನ್ನು ಕಂಡ ಕೂಡಲೇ ನಾನು ಮಾಡಿದ ಮೊದಲ ಕೆಲಸ ತಲೆ ಬಾಚಿಕೊಂಡದ್ದು. ಎರಡನೆಯದು, ಸಂಬಳ ಕೇಳಿದರೆ ಎಷ್ಟು ಏರಿಸಿ ಹೇಳುವುದೆಂದು ಯೋಚಿಸಿದ್ದು.

ಅವರು ಸಂಬಳ ಕೇಳಲಿಲ್ಲ. ಗೋತ್ರವನ್ನೂ ಕೇಳಲಿಲ್ಲ.

"ನಿಮ್ಮ ಕಾರ್ಖಾನೆಗೆ ಸ್ಪೇನ್ ದೇಶದವರು ಒಬ್ಬರು ಬರ್ತಾರಂತಲ್ಲ, ನಿಜವೇನಯ್ಯಾ?" ಎಂದರು.

ನನಗೆ ಅನುಮಾನ ಬಂತು. ಅನುಮಾನ ನನ್ನ ಕಸುಬು. ಊರ ಹೊರಗಿನ ದಾರದ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಾನು ಗುಮಾಸ್ತ. ಬೋಲ್ಟು ಕೇಳಲು ಬಂದವನು ಅದನ್ನು ಮನೆಯ ಕದಕ್ಕೇ ಹಾಕಿಕೊಳ್ಳುತ್ತಾನೆ ಎಂದು ನಂಬಿಯೇ ಬೋಲ್ಟು ಕೊಡುವುದಕ್ಕೆ ನನಗೆ ತಿಂಗಳ ಸಂಬಳ. ದಾರ ಸುತ್ತುವ ಹೊಸ ಯಂತ್ರವೊಂದು ಸ್ಪೇನಿನಿಂದ ಬರುತ್ತಿದ್ದದ್ದು ನಿಜ. ಅದನ್ನು ಕೂಡಿಸಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬರುವವನಿದ್ದದ್ದೂ ನಿಜ. ಆದರೆ ನರಸೀಪುರದ ಘನಪಾಠಿಗಳಿಗೆ ನಮ್ಮ ಯಂತ್ರದಿಂದ ಆಗಬೇಕಾದ್ದೇನು?

"ಬರ್ತಾರೆ. ಯಾಕೆ?" ಎಂದೆ, ಸಾಮಾನಿಗೆ ಇಂಡೆಂಟ್ ಚೀಟಿ ಕೇಳುವ ದನಿಯಲ್ಲಿ.

ಅವರು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. "ನನ್ನ ಬಾಯಲ್ಲಿ ಮೂವತ್ತು ವರ್ಷದಿಂದ ಒಂದು ಪಾಠ ಇದೆ. ಅದು ಏನು ಅಂತ ನನಗೆ ಗೊತ್ತಿಲ್ಲ. ಗೊತ್ತಾಗಬೇಕು. ಗೊತ್ತಾಗದೆ ಇದ್ದರೆ ಪಾರಾಯಣದ ಸಾಲಿನಿಂದ ನನ್ನನ್ನ ಎಬ್ಬಿಸ್ತಾರೆ."

ಘನಪಾಠಿಗಳೆಂದರೆ ವೇದದ ಪದಗಳನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ, ಜಡೆ ಹೆಣೆದ ಹಾಗೆ ಹೆಣೆದು ಹೇಳಬಲ್ಲವರು. ಬದರೀನಾರಾಯಣರು ಎಂಟನೆಯ ವಯಸ್ಸಿನಲ್ಲಿ ತಂದೆಯ ಎದುರು ಕೂತವರು. ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಇದಕ್ಕೆ ಸಂಥೆ ಎಂದು ಹೆಸರು. ಪುಸ್ತಕ ಮುಟ್ಟುವ ಹಾಗಿಲ್ಲ. ಅರ್ಥ ಕೇಳುವ ಹಾಗೂ ಇಲ್ಲ. ಅರ್ಥ ಬೇರೆ ಶಾಸ್ತ್ರ, ಅದಕ್ಕೆ ಬೇರೆ ಜನ, ಬೇರೆ ವಯಸ್ಸು. ಘನಪಾಠಿಗಳಿಗೆ ಆ ವಯಸ್ಸು ಬರಲೇ ಇಲ್ಲ. ರೇಡಿಯೋದಲ್ಲಿ ಬರುವ ಹಿಂದಿ ವಾರ್ತೆಯನ್ನು ಒಂದು ಸಲ ಕೇಳಿ ಎರಡು ಸಲ ಒಪ್ಪಿಸುತ್ತಿದ್ದರು, ಓದಿದವರ ಕೆಮ್ಮು ಸಹಿತ. ವಾರ್ತೆಯಲ್ಲಿ ಯಾರು ಸತ್ತರು ಎಂದು ಕೇಳಿದರೆ ಗೊತ್ತಿಲ್ಲ. ನರಸೀಪುರದಿಂದ ಮೈಸೂರಿಗೆ ಹೋಗುವ ಬಸ್ಸಿನ ನಿಲ್ದಾಣಗಳನ್ನು ಕಂಡಕ್ಟರಿಗಿಂತ ಮೊದಲೇ ಕೂಗುತ್ತಿದ್ದರು. ಆದರೆ ತಾವು ಇಳಿಯಬೇಕಾದ ಕಡೆ ಪಕ್ಕದವರು ಎಬ್ಬಿಸಬೇಕಾಗುತ್ತಿತ್ತು.

ಅವರ ಹೆಂಡತಿ ಭಾಗೀರಥಮ್ಮನವರು ಇದನ್ನು ನನಗೆ ಆಮೇಲೊಮ್ಮೆ ಒಂದೇ ಮಾತಿನಲ್ಲಿ ಹೇಳಿದರು: "ಇವರಿಗೆ ಶಬ್ದ ಸಾಕು ಕಣಪ್ಪ, ಅರ್ಥ ಬೇಡ. ನನ್ನನ್ನ ಮದುವೆಯಾದದ್ದೂ ಹಾಗೇ. ನಮ್ಮಪ್ಪ ಹೆಸರು ಹೇಳಿದ, ಇವರು ಎರಡು ಸಲ ಹೇಳಿದರು, ಆಯಿತು."

ಈಗ ಪಾದ್ರಿಯ ವಿಷಯ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನರಸೀಪುರದ ಕಡೆ ಸ್ಪೇನ್ ದೇಶದ ಒಬ್ಬ ವಯಸ್ಸಾದ ಪಾದ್ರಿ ಇದ್ದರಂತೆ. ಸೈಕಲ್ ಮೇಲೆ ಬಂದು ಬದರೀನಾರಾಯಣರ ತಂದೆಯ ಹತ್ತಿರ ಸಂಸ್ಕೃತ ಕಲಿಯುತ್ತಿದ್ದರು. ವೇದ ಹೇಳಿಕೊಡಲು ತಂದೆ ಒಪ್ಪಲಿಲ್ಲ; ಜಗಲಿಯ ಮೇಲೆ ಕೂರಿಸಿ ಕಾವ್ಯ ಹೇಳಿಕೊಟ್ಟರು. ದಕ್ಷಿಣೆ ಕೊಡಲು ಬಂದರೆ ಮುಟ್ಟಲಿಲ್ಲ. ಪಾದ್ರಿಗೆ ಋಣ ಉಳಿಸಿಕೊಳ್ಳುವುದು ಇಷ್ಟವಿರಲಿಲ್ಲ. ಒಂದು ದಿನ, "ನಿಮ್ಮ ಮಗನಿಗೆ ನಾನೂ ಏನಾದರೂ ಹೇಳಿಕೊಡ್ತೇನೆ" ಎಂದರು. ಆಗ ಮೂವತ್ತರ ಆಸುಪಾಸಿನಲ್ಲಿದ್ದ ಬದರೀನಾರಾಯಣರು ಜಗಲಿಯ ಈ ಕಡೆ ಕೂತರು, ಪಾದ್ರಿ ಆ ಕಡೆ. ಪಾದ್ರಿ ಒಂದು ಪದ ಹೇಳಿದರು. ಇವರು ವಾಡಿಕೆಯಂತೆ ಎರಡು ಸಲ ಹೇಳಿದರು. ಪಾದ್ರಿ ಬೆಚ್ಚಿ ಇನ್ನೊಂದು ಹೇಳಿದರು. ಮಳೆಗಾಲ ಮುಗಿಯುವುದರೊಳಗೆ ಒಂದು ಪಾಠವೇ ಆಯಿತು. ಅದರ ಬಗ್ಗೆ ಪಾದ್ರಿ ತಮ್ಮ ಹರಕು ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: "ಇದು ಇಂಗ್ಲಿಷಿನವರಿಗೆ ಬಾರದು."

ಇಂಗ್ಲಿಷಿನವರಿಗೆ ಇದಕ್ಕೆ ಅಧಿಕಾರವಿಲ್ಲ ಎಂದು ಇವರು ತಿಳಿದರು. ವೈದಿಕರ ಮನೆಯಲ್ಲಿ ಹುಟ್ಟಿದವರು ಇನ್ನೇನು ತಿಳಿಯಲು ಸಾಧ್ಯ? ಆಳಿ ಹೋದ ಜನಕ್ಕೇ ಅಧಿಕಾರವಿಲ್ಲದ ಪಾಠ ತಮಗೆ ಸಿಕ್ಕಿತು ಎಂದು ಅದನ್ನು ಭದ್ರ ಮಾಡಿಕೊಂಡರು. ಪಾದ್ರಿ ಆ ವರ್ಷವೇ ದೇಶಕ್ಕೆ ಮರಳಿದರು. ಗುರುಮುಖದಿಂದ ಬಂದದ್ದನ್ನು ಮರೆತವನು ಬ್ರಹ್ಮರಾಕ್ಷಸನಾಗುತ್ತಾನೆ ಎಂದು ಕಲಿತಿದ್ದ ಘನಪಾಠಿಗಳು ಅಂದಿನಿಂದ ದಿನಾ ಸಾಯಂಸಂಧ್ಯೆ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕೂತು ಅದನ್ನು ಒಂದು ಆವೃತ್ತಿ ಹೇಳಿಕೊಂಡು ಏಳುತ್ತಿದ್ದರು. ಬರೀ ಹೇಳಿಕೊಂಡರೂ ಸರಿಯಾಗುತ್ತಿತ್ತು. ಇವರು ಅದನ್ನೂ ಜಡೆ ಹೆಣೆದರು.

ಹೊಳೆಗೆ ಬರುವವರೆಲ್ಲ ಕಿವುಡರಲ್ಲ. ಕಿವುಡರೆಂದರೆ ಗೋಪಾಲಕೃಷ್ಣ ಅವಧಾನಿಗಳು, ಅವರೂ ಎಡಗಿವಿಯಲ್ಲಿ ಮಾತ್ರ. ಆ ಕಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು. ಹೊಳೆದಂಡೆಯ ಮಠದಲ್ಲಿ ನಡೆಯುವ ಪಾರಾಯಣಕ್ಕೆ ಅವರೇ ಹಿರಿಯರು. ಸಾಲಿನಲ್ಲಿ ಯಾರು ಕೂರಬೇಕು ಎನ್ನುವುದು ಅವರ ಬಾಯಲ್ಲಿತ್ತು, ಆ ಸಾಲಿನಲ್ಲಿ ಕೂತವರಿಗೇ ಊರಿನ ತಿಥಿ-ಉಪನಯನಗಳ ಕರೆ ಬರುತ್ತಿತ್ತು. ಒಂದು ಸಂಜೆ ಅವರು ಬಲಗಿವಿಯನ್ನು ಮುಂದೆ ಮಾಡಿಕೊಂಡು ಹೊಳೆಗಿಳಿದರು. ಘನಪಾಠಿಗಳ ಬಾಯಿಂದ "ಫೆರ್ರೊಕಾರ್ರಿಲ್" ಎಂಬುದು ಉರುಳಿ ಬರುತ್ತಿತ್ತು. ಅದು ನಮ್ಮ ಯಾವ ಶಾಖೆಯದೂ ಅಲ್ಲ ಎಂದು ಅವಧಾನಿಗಳಿಗೆ ತಿಳಿಯಿತು. ಹಳೆಯ ಪಾದ್ರಿಯ ಸೈಕಲ್ ನೆನಪಾಯಿತು. ಮೈಸೂರಿನಲ್ಲಿ ವಕೀಲರಾಗಿದ್ದ ತಮ್ಮ ಅಳಿಯನನ್ನು ಕರೆತಂದು ಕೇಳಿಸಿದರು. ಅಳಿಯ ಕಣ್ಣು ಮುಚ್ಚಿ ಕೇಳಿ, "ಲ್ಯಾಟಿನ್. ಇಗರ್ಜಿಯಲ್ಲಿ ಹೇಳೋ ಭಾಷೆ" ಎಂದು ತೀರ್ಪು ಕೊಟ್ಟರು.

ಆಮೇಲೆ ಕೇಳಬೇಕೇ? ನಮ್ಮ ಸ್ಟೋರ್ಸಿನ ಹೆಲ್ಪರ್ ಮಾದಯ್ಯ ಮೂಗೂರಿನವನು. ವಾರಕ್ಕೊಮ್ಮೆ ಊರಿಗೆ ಹೋಗಿ ಬರುವಾಗ ತಾಲ್ಲೂಕಿನ ಸುದ್ದಿಯೆಲ್ಲ ಹೊತ್ತು ತರುತ್ತಿದ್ದ. "ಸಾ, ನರಸೀಪುರದ ಅಯ್ನೋರು ಒಬ್ರು ಒಳಗೊಳಗೇ ಕಿರಸ್ತಾನ್ರಾಗವ್ರಂತೆ ಕಣ್ ಸಾ. ಮೇಲೆ ಮಾತ್ರ ಜನಿವಾರವಂತೆ" ಎಂದು ಅವನು ನನಗೆ ಹೇಳಿ ವಾರವಾಗಿರಲಿಲ್ಲ. ಆ ಅಯ್ನೋರೇ ಈಗ ನನ್ನ ಮಂಚದ ಮೇಲೆ ಕೂತು ನನ್ನ ಹೂಜಿಯ ನೀರು ಬೇಡವೆನ್ನುತ್ತಿದ್ದರು.

"ಇಗರ್ಜಿಗೇ ಹೋಗಿ ಕೇಳಬಹುದಲ್ಲ?" ಎಂದೆ.

"ಹೋದರೆ? ಹೋದದ್ದೇ ಸಾಕ್ಷಿ ಅಂತಾನೆ ಅವಧಾನಿ."

"ಹೇಳೋದನ್ನ ನಿಲ್ಲಿಸಿಬಿಡಿ ಮತ್ತೆ."

ಅವರು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. "ಅದು ಅವರ ದೇವರ ಹೆಸರೇ ಆದರೆ ನಾನೇ ಸಾಲು ಬಿಟ್ಟು ಎದ್ದುಹೋಗ್ತೀನಿ ಕಣಯ್ಯಾ, ಯಾರೂ ಎಬ್ಬಿಸೋದು ಬೇಡ. ಪಾಠ ಮಾತ್ರ ಬಿಡಲ್ಲ. ಕೊಟ್ಟವರು ನಂಬಿ ಕೊಟ್ಟಿದ್ದಾರೆ." ಆಮೇಲೆ ದನಿ ಇಳಿಸಿ ಕೇಳಿದರು: "ಆದರೂ... ದಿನಾ ಗಾಯತ್ರಿಯ ಬೆನ್ನಿಗೇ ಹೇಳಿದ್ದೀನಲ್ಲ. ಅದು ಏನಾಗಿರಬಹುದು ಅಂತೀಯಾ?"

ಅವರಿಗೂ ಅನುಮಾನ ಬಂದಿತ್ತು ಎಂದು ನನಗೆ ಆಗ ಗೊತ್ತಾಯಿತು. ಊರಿನ ಅನುಮಾನಕ್ಕಿಂತ ಅದು ಅವರನ್ನು ಹೆಚ್ಚು ಒಣಗಿಸಿತ್ತು.

ಅವರ ಉಪಾಯ ಸರಳವಾಗಿತ್ತು. ತಾವೇ ಸ್ಪೇನಿನವನನ್ನು ಕಂಡರೆ ಅವಧಾನಿಗಳು ಒಳಸಂಚು ಎನ್ನುತ್ತಾರೆ. ಮೂರನೆಯವನೊಬ್ಬ ಪಾಠ ಕಲಿತು, ಅವನ ಮುಂದೆ ಹೇಳಿ, ಅರ್ಥ ತಿಳಿದು ಬರಬೇಕು. ಮೂರನೆಯವನು ಎಂದರೆ ನಾನು.

"ಬರೆದುಕೊಂಡು ಹೋಗಿ ತೋರಿಸ್ತೀನಿ" ಎಂದೆ.

"ಬರೆದು ಓದೋನು ಅಧಮ. ಬಾಯಿ ತೆಗಿ."

ಬಾಯಿ ತೆಗೆದೆ. ಇಲ್ಲಿ ನನ್ನ ನಾಲಗೆಯ ಚರಿತ್ರೆ ಸ್ವಲ್ಪ ಹೇಳಬೇಕು. ಬಿಳಿಗೆರೆಯಲ್ಲಿ ಹುಟ್ಟಿದ ಈ ನಾಲಗೆಯನ್ನು ಸೋದರಮಾವ ಮೈಸೂರಿಗೆ ಕರೆದೊಯ್ದು ಕಾನ್ವೆಂಟಿಗೆ ಸೇರಿಸಿದ್ದರು. ಅಲ್ಲಿಯ ಮಿಸ್ಸು ನನ್ನ ರಕಾರವನ್ನು ಹತ್ತು ವರ್ಷ ಉಪ್ಪುಕಾಗದ ಹಾಕಿ ಉಜ್ಜಿದ್ದರು. ಕಾರು ಎನ್ನುವುದಕ್ಕೆ "ಕಾ" ಎಂದರೆ ಸಾಕು, ಉಳಿದದ್ದು ಗೌರವಸ್ಥರು ನುಂಗಿಕೊಳ್ಳುತ್ತಾರೆ ಎಂದು ಕಲಿಸಿದ್ದರು. ಆ ನುಂಗಿದ ರಕಾರದ ಬಲದಿಂದಲೇ ನನಗೆ ಈ ಕೆಲಸ ಸಿಕ್ಕಿತು ಎಂದು ನಾನು ನಂಬಿದ್ದೆ; ಸ್ಪೇನಿನವನ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಮ್ಯಾನೇಜರು ನನ್ನನ್ನೇ ಗೊತ್ತುಮಾಡಿದ್ದರು. ಈಗ ಅದೇ ನಾಲಗೆಯನ್ನು ಘನಪಾಠಿಗಳ ಎದುರು ಇಟ್ಟೆ.

"ಫೆರ್ರೊಕಾರ್ರಿಲ್" ಎಂದರು ಅವರು. ಬಂಡಿ ಕಲ್ಲು ಹಾಸಿನ ಮೇಲೆ ಹೋದ ಹಾಗಿತ್ತು.

"ಫೆವೊಕಾವಿಲ್" ಎಂದೆ.

"ಎಲ್ಲಯ್ಯಾ ರೇಫ?"

"ಹಾಕಿದೆನಲ್ಲ?"

"ಎಲ್ಲಿ ಹಾಕಿದೆ? ಜೇಬಿಗೆ ಹಾಕಿಕೊಂಡೆಯಾ? ಮತ್ತೆ ಹೇಳು."

ಮೂರು ಭಾನುವಾರ ಅವರು ಬಸ್ಸಿನಲ್ಲಿ ಬಂದು ಸಂಥೆ ಹೇಳಿದರು. ನಾನು ಬೆವರಿದೆ. ಬಂಡಿಯವರು ಎತ್ತು ನಿಲ್ಲಿಸಲು ನಾಲಗೆ ಉರುಳಿಸುತ್ತಾರಲ್ಲ, ಅದನ್ನು ಕೇಳಿ ಬಾ ಎಂದು ಸಂತೆಗೂ ಕಳಿಸಿದರು. ಸಂತೆಯಲ್ಲಿ ನಾನು ಅದನ್ನು ಅಭ್ಯಾಸ ಮಾಡಿದ್ದಕ್ಕೆ ಯಾರದೋ ಎತ್ತು ನಿಲ್ಲುವ ಬದಲು ಓಡಿತು; ಅದರ ಯಜಮಾನ ಅಂದದ್ದನ್ನು ಇಲ್ಲಿ ಬರೆಯಲಾರೆ. ಕೊನೆಗೆ ಘನಪಾಠಿಗಳು ಕೊಡೆ ಬಿಡಿಸುತ್ತ, "ಪಾದ್ರಿ ಹೇಳಿದ್ದು ನಿಜ. ಇಂಗ್ಲಿಷಿನವರಿಗೆ ಇದು ಬಾರದು" ಎಂದು ನನ್ನನ್ನೂ ಆ ಜನದಲ್ಲಿ ಸೇರಿಸಿ ಹೊರಟುಹೋದರು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಹೆಸರು ಅನ್ಸೆಲ್ಮೋ. ಗಿಡ್ಡ, ದಪ್ಪ ಆಸಾಮಿ. ಕೊರಳಲ್ಲಿ ಸದಾ ಒದ್ದೆ ಟವೆಲು. ಬಂದ ಮಾರನೆಯ ದಿನವೇ ರಸಬಾಳೆಯ ರುಚಿ ಹಿಡಿದು, ಯಂತ್ರದ ಪಕ್ಕದಲ್ಲೇ ಗೊನೆ ನೇತುಹಾಕಿಕೊಂಡ. ಅವನ ಇಂಗ್ಲಿಷು ನನ್ನ ಸ್ಪ್ಯಾನಿಷಿನಂತೆಯೇ ಇತ್ತು. ಸಮಯ ನೋಡಿ ನಾನು ಪಾಠದ ಮೊದಲ ಪದವನ್ನು ಅವನ ಮುಂದಿಟ್ಟೆ. ಅವನು ಹಣೆ ಗಂಟಿಕ್ಕಿ ನನಗೊಂದು ಸ್ಪ್ಯಾನರು ಕೊಟ್ಟ. ಇನ್ನೊಂದು ಸಲ ಹೇಳಿದೆ. ಬೇರೆ ಅಳತೆಯ ಸ್ಪ್ಯಾನರು ಕೊಟ್ಟ.

ಇನ್ನು ಘನಪಾಠಿಗಳೇ ಬಂದು ಹೇಳಬೇಕು, ಬೇರೆ ದಾರಿ ಇರಲಿಲ್ಲ. ಸುದ್ದಿ ಮುಟ್ಟಿಸಲು ನಾನು ನರಸೀಪುರಕ್ಕೆ ಹೋದಾಗ ಅವರ ಜಗಲಿಯ ಮೇಲೆ ಗೋಪಾಲಕೃಷ್ಣ ಅವಧಾನಿಗಳೂ ಇದ್ದರು. ಪಾರಾಯಣ ಹತ್ತಿರ ಬಂದಿತ್ತು. ಸಾಲಿನ ವಿಷಯ ಇತ್ಯರ್ಥ ಮಾಡಲು ಬಂದಿದ್ದರು.

"ನೀನು ಯಾರು? ಇವನ ಕಡೆಯೋನೋ?" ಎಂದು ನನ್ನನ್ನು ಕೇಳಿದರು.

"ಯಾರ ಕಡೆಯೂ ಅಲ್ಲ. ಅರ್ಥ ತಿಳಿದು ಹೇಳೋದಷ್ಟೇ."

"ನೀನು ಹೇಳೋ ಅರ್ಥ ನಾನು ನಂಬಬೇಕೋ? ಆ ಸ್ಪೇನಿನವನೂ ಕಿರಿಸ್ತಾನ, ಇವನು ಅವರ ಶಿಷ್ಯ, ನೀನು ಮಧ್ಯಸ್ಥ. ಮೂವರೂ ಕೂತು ಇದು ಬೇಳೆಹುಳಿ ಮಾಡೋ ವಿಧಾನ ಅಂತೀರಿ, ನಾನು ತಲೆ ಆಡಿಸಬೇಕು!" ಎಂದು ಕಿವಿಯ ಹತ್ತಿ ಒತ್ತಿಕೊಂಡರು. "ಬಾಯಿಮಾತು ಬೇಡ. ಇವನು ಒಂದೊಂದೇ ಪದ ಹೇಳಲಿ. ಅದು ಏನು ಅಂತ ಆ ಮನುಷ್ಯ ನನ್ನ ಕಣ್ಣಿಗೆ ತೋರಿಸಲಿ. ತೋರಿಸೋಕಾಗದೆ ಆಕಾಶ ನೋಡಿದನೋ, ಅಲ್ಲಿಗೆ ಮುಗಿಯಿತು. ಅದು ದೇವರು."

"ಒಪ್ಪಿದೆ" ಎಂದರು ಘನಪಾಠಿಗಳು.

ಒಳಗಿನಿಂದ ಭಾಗೀರಥಮ್ಮನವರ ದನಿ ಬಂತು: "ಒಪ್ಪೋದೇನು ಇವರಿಗೆ ಹೊಸದೇ?"

ಕಾರ್ಖಾನೆ ಬೇಡ, ಮೈಲಿಗೆ. ಹೊಳೆದಂಡೆ ಬೇಡ, ಮಡಿ. ಎರಡೂ ಅಲ್ಲದ ಜಾಗ ನಂಜನಗೂಡಿನ ರೈಲ್ವೆ ಸ್ಟೇಷನ್ ಎಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಬೆಳಗಿನ ಗಾಡಿ ಹೋದ ಮೇಲೆ ಪ್ಲಾಟ್‌ಫಾರಂ ಖಾಲಿಯಾಗಿತ್ತು. ಒಂದು ಬೆಂಚಿನ ತುದಿಯಲ್ಲಿ ಅವಧಾನಿಗಳು, ಇನ್ನೊಂದು ತುದಿಯಲ್ಲಿ ಅನ್ಸೆಲ್ಮೋ, ನಡುವೆ ಅವನ ಬಾಳೆಹಣ್ಣು. ಅವನ ಚೀಲ ಹೊತ್ತು ಬಂದಿದ್ದ ಮಾದಯ್ಯ ಕಂಬಕ್ಕೆ ಒರಗಿ ನಿಂತಿದ್ದ. ತರಕಾರಿ ಬುಟ್ಟಿಯ ಹೆಂಗಸೊಬ್ಬಳು ಮುಂದಿನ ಗಾಡಿಗೆ ಕಾದು ಕೂತಿದ್ದಳು. ಪದಕ್ಕೆ ಬಾಯಲ್ಲಿ ಅರ್ಥ ಹೇಳಬಾರದು, ತೋರಿಸಬೇಕು ಎಂದು ಅನ್ಸೆಲ್ಮೋಗೆ ತಿಳಿಸುವಷ್ಟರಲ್ಲಿ ನನ್ನ ಇಂಗ್ಲಿಷೆಲ್ಲ ಖರ್ಚಾಯಿತು.

ಘನಪಾಠಿಗಳು ನಿಂತರು. ಉತ್ತರೀಯ ಸರಿಮಾಡಿಕೊಂಡರು.

"ಫೆರ್ರೊಕಾರ್ರಿಲ್."

ಅನ್ಸೆಲ್ಮೋ ತಿನ್ನುತ್ತಿದ್ದ ಹಣ್ಣು ಬಾಯಲ್ಲೇ ನಿಂತಿತು. ಎದ್ದ. ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ: ಶಿಖೆ, ಗಂಧ, ಪಂಚೆ. ಆಮೇಲೆ ನಿಧಾನವಾಗಿ ಕೈ ಚಾಚಿದ. ಅವಧಾನಿಗಳು ಆ ಕೈ ಎಲ್ಲಿ ಏರುತ್ತದೋ ಎಂದು ಕಣ್ಣಿಟ್ಟಿದ್ದರು. ಅದು ಆಕಾಶಕ್ಕೆ ಏರಲಿಲ್ಲ. ಕೆಳಗಿಳಿದು ರೈಲು ಕಂಬಿಯನ್ನು ತೋರಿಸಿತು. ಸಾಲದೆಂದು ಅವನು "ಚುಕ್ ಚುಕ್" ಎಂದು ಎರಡು ಹೆಜ್ಜೆ ಓಡಿದ.

"ರೈಲು" ಎಂದೆ.

"ನೀನು ಸುಮ್ಮನಿರು" ಎಂದರು ಅವಧಾನಿಗಳು. "ನನಗೆ ಕಣ್ಣಿದೆ. ಮುಂದಿನದು."

"ಆರ್ದಿಲ್ಯಾ."

ಅನ್ಸೆಲ್ಮೋ ಸುತ್ತ ನೋಡಿ, ಸ್ಟೇಷನ್ ಹಿಂದಿನ ಆಲದ ಬುಡದಲ್ಲಿ ಓಡುತ್ತಿದ್ದ ಅಳಿಲನ್ನು ತೋರಿಸಿದ. "ಮುರ್ಥಿಏಲಗೊ" ಎಂದಾಗ ಅದೇ ಆಲದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳನ್ನು ತೋರಿಸಿದ. "ಥನಓರಿಯಾ" ಎಂಬುದಕ್ಕೆ ಅವನಿಗೆ ಏನೂ ಸಿಗಲಿಲ್ಲ. ಕೊನೆಗೆ ನುಗ್ಗಿ ತರಕಾರಿ ಬುಟ್ಟಿಗೆ ಕೈಹಾಕಿ ಒಂದು ಕ್ಯಾರೆಟ್ ಎತ್ತಿ ಹಿಡಿದ.

"ಏ, ಬುಡು ಬುಡು! ತಿನ್ನದಾದ್ರೆ ಕಾಸ್ ಕೊಟ್ ತಿನ್ನು!" ಎಂದು ಆಕೆ ಅವನ ಕೈಮೇಲೆ ಹೊಡೆದಳು.

"ಖಿರಾಫಾ" ಬಂದಾಗ ಅನ್ಸೆಲ್ಮೋ ಕತ್ತು ಚಾಚಿ, ತೋಳು ಮೇಲೆತ್ತಿ, ಎಲೆ ಮೇಯ್ದ. ಆ ತೋಳು ಆಕಾಶದ ಕಡೆ ಹೋದದ್ದರಿಂದ ಅವಧಾನಿಗಳು ಅರ್ಧ ಎದ್ದರು. ಅವನು ಹಲ್ಲು ತೋರಿಸಿ ಮೆಲುಕು ಹಾಕಿದ ಮೇಲೆ ಅನುಮಾನದಿಂದಲೇ ಕೂತರು. ಘನಪಾಠಿಗಳು ಇದೊಂದನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಮುಚ್ಚಿತ್ತು. ಆದರೆ ನಾನು ಬಾಯಿ ತಡೆಯಲಾರದೆ ರೈಲು, ಅಳಿಲು, ಜಿರಾಫೆ ಎಂದದ್ದು ಕಿವಿಗೆ ಬೀಳುತ್ತಿತ್ತು. ಹೆಗಲು ಒಂದೊಂದು ಪದಕ್ಕೂ ಸ್ವಲ್ಪ ಸ್ವಲ್ಪ ಸಡಿಲವಾಗುತ್ತಿತ್ತು.

"ಒತೊರ್ರಿನೊಲರಿಂಗೋಲೊಗೊ."

ಇಷ್ಟುದ್ದದ ಪದ ಒಂದೇ ಉಸಿರಿನಲ್ಲಿ ಬಂದದ್ದಕ್ಕೆ ಅನ್ಸೆಲ್ಮೋ ಟವೆಲನ್ನೇ ಬೀಸಿದ. ಆಮೇಲೆ ಗಂಭೀರನಾಗಿ ತನ್ನ ಕಿವಿ ಮುಟ್ಟಿಕೊಂಡ. ಮೂಗು ಮುಟ್ಟಿಕೊಂಡ. ಗಂಟಲು ಮುಟ್ಟಿಕೊಂಡ.

"ನ್ಯಾಸ!" ಎಂದು ಅವಧಾನಿಗಳು ಕೂಗಿ ಎದ್ದರು. "ನೋಡಿದಿರಾ? ಅಂಗನ್ಯಾಸ ಮಾಡ್ಕೋತಿದ್ದಾನೆ! ಮಂತ್ರ ಅಲ್ಲದಿದ್ದರೆ ನ್ಯಾಸ ಯಾಕೆ? ಸಿಕ್ಕಿಬಿದ್ದಿರಿ!"

ಘನಪಾಠಿಗಳು ಕಣ್ಣು ಬಿಟ್ಟರು. ಮುಖ ಬಿಳಿಚಿತ್ತು. ದೇವರ ಹೆಸರು ಹೇಳುವ ಮೊದಲು ಹೃದಯ, ಶಿರಸ್ಸು, ಶಿಖೆ ಮುಟ್ಟಿಕೊಳ್ಳುವುದು ಅವರಿಗೂ ಗೊತ್ತಿದ್ದದ್ದೇ. ಅನ್ಸೆಲ್ಮೋಗೆ ಯಾಕೆ ಕೂಗಾಡುತ್ತಾರೆಂದು ತಿಳಿಯಲಿಲ್ಲ. ಅವಧಾನಿಗಳ ಕಿವಿಯ ಹತ್ತಿ ಅವನ ಕಣ್ಣಿಗೆ ಬಿತ್ತು. ಸಂತೋಷದಿಂದ ಅದಕ್ಕೇ ಬೆರಳು ತೋರಿಸಿ ಆ ಉದ್ದದ ಪದವನ್ನು ತಾನೂ ಹೇಳಿದ.

"ನನ್ನ ಮೇಲೆ ಪ್ರಯೋಗ ಮಾಡ್ತಿದ್ದಾನೆ!" ಅವಧಾನಿಗಳು ಕೈಯಿಂದ ಕಿವಿ ಮುಚ್ಚಿಕೊಂಡು ಬೆಂಚಿನ ಹಿಂದೆ ಸರಿದರು.

"ಅದು ಡಾಕ್ಟರು, ಅವಧಾನಿಗಳೇ!" ಎಂದು ನಾನೂ ಕೂಗಿದೆ. "ಕಿವಿ ಮೂಗು ಗಂಟಲು ನೋಡೋ ಡಾಕ್ಟರು! ಮೈಸೂರಿಗೆ ನೀವು ಹೋಗ್ತೀರಲ್ಲ, ಅವರು!"

ಅನ್ಸೆಲ್ಮೋ ಕಿವಿಯೊಳಗೆ ದೀಪ ಬಿಟ್ಟು ಇಣುಕುವ ಹಾಗೆ ಅಭಿನಯಿಸಿ, ಚೀಟಿ ಬರೆದು, ಕೈಚಾಚಿ ಫೀಸು ಕೇಳಿದ. ಫೀಸು ಕೇಳಿದ ರೀತಿಯಿಂದ ಅವಧಾನಿಗಳಿಗೆ ನಂಬಿಕೆ ಬಂತು. "ಹೂಂ. ಅವನೇ" ಎಂದು ಕೂತರು.

ಉಳಿದದ್ದು ಕೊನೆಯ ಪದ. ಅದು ಬಹಳ ಚಿಕ್ಕದು. ಘನಪಾಠಿಗಳು ಅದನ್ನು ಮೂವತ್ತು ವರ್ಷದಿಂದ ಸ್ವಾಹಾಕಾರದಂತೆ ಎಳೆದು ಹೇಳಿ ಕೈಮುಗಿದು ಏಳುತ್ತಿದ್ದರು. ಈಗಲೂ ಹಾಗೆಯೇ ಹೇಳಿದರು: "ಉಎವೊ."

ಅನ್ಸೆಲ್ಮೋ ಕುಕ್ಕರಗಾಲಲ್ಲಿ ಕೂತ. ಎರಡೂ ತೋಳುಗಳನ್ನು ರೆಕ್ಕೆಯಂತೆ ಬಡಿದ. "ಕೊಕ್ಕೊಕ್ಕೋ" ಎಂದ. ಆಮೇಲೆ ಹಿಂದಕ್ಕೆ ಕೈಹಾಕಿ, ಬಿಸಿಯಾಗಿದ್ದ ಏನನ್ನೋ ತೆಗೆದು ಎಲ್ಲರಿಗೂ ತೋರಿಸಿದ.

"ಮೊಟ್ಟೆ ಸಾ! ಕೋಳಿಮೊಟ್ಟೆ!" ಎಂದು ಮಾದಯ್ಯ ಕೂಗಿ, ಬಾಯಿಮೇಲೆ ಕೈ ಇಟ್ಟುಕೊಂಡ. ತರಕಾರಿಯವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಅವಧಾನಿಗಳು ನಗಲಿಲ್ಲ. ಅವರಿಗೆ ಬೇಕಾದ್ದಕ್ಕಿಂತ ಒಳ್ಳೆಯದೇ ಸಿಕ್ಕಿತ್ತು. "ಬದರಿ," ಎಂದರು ಮೆಲ್ಲಗೆ, "ಸಂಧ್ಯಾವಂದನೆ ಮುಗಿಸಿ, ಕೈಮುಗಿದು, ಕೋಳಿಮೊಟ್ಟೆ ಅಂತಿದ್ದೆಯಾ ನೀನು?"

ಘನಪಾಠಿಗಳು ನನ್ನ ಕಡೆ ತಿರುಗಿ, "ಅವನನ್ನ ಕೇಳು. ಹಾಗಾದರೆ ಇದು ಏನು? ಯಾಕೆ ಹೇಳಿಕೊಟ್ಟರು?" ಎಂದರು.

ಅನ್ಸೆಲ್ಮೋ ಹೇಳಿದ್ದನ್ನು ನಾನು ಕೂಡಿಸಿಕೊಂಡದ್ದು ಇಷ್ಟು. ಇವು ಇಂಗ್ಲಿಷ್ ಮಾತಾಡುವವರ ನಾಲಗೆ ತಿರುಗದ ಪದಗಳು. ಅವರಿಗೆ ಸ್ಪ್ಯಾನಿಷ್ ಕಲಿಸುವ ಮೇಷ್ಟರುಗಳೆಲ್ಲ ಇಂಥವನ್ನೇ ಆರಿಸಿ ಹೇಳಿಸುತ್ತಾರೆ. ಆ ಪಾದ್ರಿ ಎಲ್ಲೋ ಇಂಗ್ಲಿಷ್ ಹುಡುಗರಿಗೆ ಮೇಷ್ಟರಾಗಿದ್ದಿರಬೇಕು. ಮಂತ್ರ ಗಿಂತ್ರ ಏನೂ ಅಲ್ಲ. ಹುಡುಗರು ಎಡವಲಿ ಎಂದು ಹೇಳಿಸುವುದು. ಎಡವಿದಾಗ ನಗುವುದು.

"ನಗೋದಕ್ಕೆ" ಎಂದೆ. ಮೆತ್ತಗೆ ಹೇಳಲು ಬೇರೆ ಪದ ಸಿಗಲಿಲ್ಲ.

ಘನಪಾಠಿಗಳು ಬೆಂಚಿನ ಮೇಲೆ ಕೂತರು. ಕೊಡೆಯ ಹಿಡಿಯನ್ನು ತಿರುಗಿಸುತ್ತ ಕಂಬಿಯನ್ನೇ ನೋಡಿದರು. "ಅವರು ನಗಲಿಲ್ಲ ಕಣಯ್ಯಾ" ಎಂದರು ಆಮೇಲೆ. "ಕೊನೇ ದಿನ ನಾನು ಎಲ್ಲ ಒಪ್ಪಿಸಿ ಮುಗಿಸಿದಾಗ, ಟೋಪಿ ತೆಗೆದು ಎದ್ದು ನಿಂತರು. ನಾನು ಕೂತೇ ಇದ್ದೆ, ಅವರು ನಿಂತಿದ್ದರು."

ಅವಧಾನಿಗಳು ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಇರಲಿ. ದೇವರಲ್ಲ ಅಂತಾಯಿತು, ಒಪ್ಪಿದೆ. ನೀನು ಸಾಲಿನಲ್ಲಿ ಕೂರು. ಆದರೆ ಇನ್ನು ಮೇಲೆ ಆ ಮೊಟ್ಟೆ ಬಿಟ್ಟು ಹೇಳಿಕೋ."

"ಬಿಡೋಕಾಗಲ್ಲ. ಪಾಠ ಒಂದು ಪದ ಬಿಟ್ಟರೂ ಕೆಡುತ್ತೆ. ನಿನಗೆ ಗೊತ್ತಿಲ್ಲವೇ?"

"ಮೊಟ್ಟೆ ಕಣೋ ಅದು!"

ಘನಪಾಠಿಗಳು ತಲೆಯೆತ್ತಿದರು. "ಒಂದು ಕೆಲಸ ಮಾಡೋಣ, ಅವಧಾನಿ. ಪಾರಾಯಣದ ದಿನ ನೀನು ಹೇಳೋ ಒಂದೊಂದು ಪದಕ್ಕೂ ಇವನ ಹಾಗೆ ಎದ್ದು ನಿಂತು ಕೈಮಾಡಿ ಅರ್ಥ ತೋರಿಸು. ನಾವಿಬ್ಬರೂ ಹೇಳಿರೋದರಲ್ಲಿ ಏನೇನು ಪ್ರಾಣಿ ಇದೆಯೋ, ಯಾವ್ಯಾವುದನ್ನ ಕೊಯ್ದಿದ್ದಾರೋ, ಜನ ಎಲ್ಲ ಕೂತು ನೋಡಲಿ. ಅಲ್ಲಿ ಒಂದು ಬಿಟ್ಟು ಹೇಳು. ಇಲ್ಲಿ ನಾನು ಮೊಟ್ಟೆ ಬಿಡ್ತೀನಿ."

ಅವಧಾನಿಗಳು ಬಾಯಿ ತೆಗೆದರು. ಅನ್ಸೆಲ್ಮೋ ಕುಕ್ಕರಗಾಲಲ್ಲಿ ಕೂತ ಜಾಗವನ್ನು ನೋಡಿದರು. ಪಾರಾಯಣದ ಸಭೆಯಲ್ಲಿ ತಾವು ಅಶ್ವಮೇಧ ಅಭಿನಯಿಸುವುದು ಅವರ ಕಣ್ಣಮುಂದೆ ಬಂದಿರಬೇಕು. ಬಾಯಿ ಮುಚ್ಚಿದರು. "ನಿನಗೆ ಅರ್ಥ ಗೊತ್ತಿಲ್ಲ ಅಂತಿದ್ದೆ" ಎಂದರು, ಹೊಸ ಅನುಮಾನದಿಂದ.

"ಗೊತ್ತಿಲ್ಲ. ನಿನಗೆ?"

ನರಸೀಪುರದ ಬಸ್ಸಿಗೆ ಇಬ್ಬರೂ ಒಟ್ಟಿಗೇ ಹತ್ತಿದರು, ಬೇರೆ ಬೇರೆ ಸೀಟು.

ಘನಪಾಠಿಗಳು ಸಾಲಿನಲ್ಲಿ ಕೂತರು. ಎಬ್ಬಿಸುವ ಮಾತು ಮತ್ತೆ ಬರಲಿಲ್ಲ. ಸಾಯಂಕಾಲದ ಪಾಠವೂ ನಿಲ್ಲಲಿಲ್ಲ, ಮೊಟ್ಟೆ ಸಹಿತ. ಮಠದಲ್ಲಿ ಅವಧಾನಿಗಳು ಅವರ ಎಡಕ್ಕೆ ಜಾಗ ಬದಲಾಯಿಸಿಕೊಂಡದ್ದಷ್ಟೇ ವ್ಯತ್ಯಾಸ. ಹಾಗೆ ಕೂತರೆ ಕೇಳುವ ಬಲಗಿವಿ ಇವರ ಬಾಯಿಗೆ ನೇರವಾಗುತ್ತದೆ. ವೇದದ ನಡುವೆ ಅಳಿಲೇನಾದರೂ ನುಸುಳಿದರೆ ಹಿಡಿಯಬಹುದು.

ಯಂತ್ರ ಓಡತೊಡಗಿತು, ಅನ್ಸೆಲ್ಮೋ ಊರಿಗೆ ಹೋದ. ತರಬೇತಿಗೆ ಸ್ಪೇನಿಗೆ ಯಾರನ್ನಾದರೂ ಕಳಿಸುತ್ತಾರೆಂದು ನಾನು ಸೂಟಿನ ಅಳತೆ ಕೊಟ್ಟಿದ್ದೆ, ಯಾರನ್ನೂ ಕಳಿಸಲಿಲ್ಲ. ಮರುವರ್ಷ ಉಗಾದಿಯ ಹಿಂದಿನ ವಾರ ನರಸೀಪುರದಲ್ಲಿ ಇಳಿದವನು ಅವರ ಮನೆಗೆ ಹೋದೆ. ಘನಪಾಠಿಗಳು ಇರಲಿಲ್ಲ. ಮೈಸೂರಿನ ಮೃಗಾಲಯಕ್ಕೆ ಹೋಗಿದ್ದಾರೆ ಎಂದರು ಭಾಗೀರಥಮ್ಮ.

"ಯಾಕೆ?"

"ಜಿರಾಫೆ ಅಂತೆ. ನೋಡಬೇಕಂತೆ. ಇದು ಎರಡನೇ ಸಲ." ಕಾಫಿ ಲೋಟ ಇಟ್ಟು, ಬಾಗಿಲ ಕಡೆ ನೋಡಿ, ನನ್ನ ಹತ್ತಿರ ಸರಿದು ಕೂತರು. "ಅಲ್ಲ ಸುಬ್ರಹ್ಮಣ್ಯ, ಸ್ಟೇಷನ್ನಿಗೆ ಕರ್ಕೊಂಡು ಹೋಗಿ ಇವರಿಗೆ ಏನು ಮಾಡಿದೆಯಪ್ಪ ನೀನು? ಆವತ್ತಿಂದ ಎಲ್ಲದಕ್ಕೂ ಅರ್ಥ ಕೇಳ್ತಾರೆ. ರೇಡಿಯೋದಲ್ಲಿ ಸತ್ತೋರು ಯಾರು ಅಂತಾರೆ. ಮೊನ್ನೆ ರಾತ್ರಿ ಊಟಕ್ಕೆ ಕೂತೋರು, 'ಭಾಗೀರಥೀ, ನಾನು ಏನಾದರೂ ಕೇಳಿದರೆ ನೀನು ಹೂಂ ಅಂತೀಯಲ್ಲ, ಹಾಗಂದರೆ ಏನು?' ಅಂದರು."

"ನೀವೇನಂದಿರಿ?"

"ಏನಂತೀನಿ? ಹೂಂ ಅಂದೆ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಷ್ಟು ವರ್ಷ ಕೇಳದೆ ಇದ್ದ ಗಂಡಸು ಈಗ ಯಾಕಪ್ಪ ಕೇಳ್ತಾನೆ? ನನಗೇನೋ ಅನುಮಾನ."